ಮರ ಒಂದು, ಎಲೆ ಕೋಟಿ

ಮನುಷ್ಯ, ಚಿಂಪಾಂಜಿ, ಗೊರಿಲ್ಲಾ. ಯಾರಿಗೆ ಯಾರು ಹತ್ತಿರ? ಕವಲು ಹಾಕಿ ತೋರಿಸೋಕೆ ಇರೋ ದಾರಿ ಮೂರೇ ಮೂರು. ಒರಾಂಗುಟಾನ್ ಸೇರಿಸಿ, 15 ಆಯ್ತು. ಹತ್ತು ಜೀವಿಗಳಾದ್ರೆ? 3,44,59,425 ಬೇರೆ ಬೇರೆ ವಂಶವೃಕ್ಷ! ಇಪ್ಪತ್ತಾದ್ರೆ ಬರೋ ಸಂಖ್ಯೆಯಲ್ಲಿ 22 ಅಂಕಿ.

ಎಲ್ಲಾ ಮರಗಳನ್ನೂ ಪರೀಕ್ಷಿಸೋದು ಸೂಪರ್‌ಕಂಪ್ಯೂಟರ್‌ಗೂ ಆಗದ ಮಾತು. ಅದಕ್ಕೇ ಪ್ರೋಗ್ರಾಂಗಳು ಒಂದು ಅಂದಾಜು ಮರದಿಂದ ಶುರು ಮಾಡ್ತವೆ. ಒಂದು ಕೊಂಬೆ ಕಿತ್ತು ಬೇರೆ ಕಡೆ ಕಸಿ ಮಾಡ್ತವೆ. ಡಿಎನ್‌ಎಗೆ ಮೊದಲಿಗಿಂತ ಚೆನ್ನಾಗಿ ಹೊಂದಿದ್ರೆ ಸರಿ, ಇಲ್ಲಾಂದ್ರೆ ವಾಪಸ್. ಈ ಹೊಂದಾಣಿಕೆಯ ಸಂಭವನೀಯತೆಯನ್ನ ಬೇಗ ಲೆಕ್ಕ ಹಾಕೋ ದಾರಿಯನ್ನ 1981ರಲ್ಲೇ ವಿಜ್ಞಾನಿ ಜೋ ಫೆಲ್ಸೆನ್‌ಸ್ಟೀನ್ ಕೊಟ್ಟಿದ್ರು. ಸಿಕ್ಕಿದ್ದೇ ಅತ್ಯುತ್ತಮ ಮರ ಅನ್ನೋ ಗ್ಯಾರಂಟಿ ಮಾತ್ರ ಇಲ್ಲ.

ಆಮೇಲೆ ಕೋವಿಡ್ ಬಂತು. ದಿನಕ್ಕೆ ವೈರಸ್‌ನ ಸಾವಿರಾರು ಹೊಸ ಜೀನೋಮ್. ಪ್ರತಿ ಸಲ ಮರವನ್ನ ಬುಡದಿಂದ ಕಟ್ಟೋಕಾಗುತ್ತಾ? 2021ರಲ್ಲಿ ಪ್ರಕಟವಾದ 'ಅಶರ್' ಅನ್ನೋ ಪ್ರೋಗ್ರಾಂ ಆ ಗೋಜಿಗೇ ಹೋಗಲಿಲ್ಲ. ಇರೋ ಮರವನ್ನ ಹಾಗೇ ಇಟ್ಟು, ಹೊಸ ವೈರಸ್ ಎಲ್ಲಿ ಕೂತ್ರೆ ಅತಿ ಕಡಿಮೆ ಹೊಸ ಮ್ಯುಟೇಶನ್ ಬೇಕಾಗುತ್ತೋ ಅಲ್ಲಿಗೇ ಅಂಟಿಸುತ್ತೆ. ಸುಮಾರು 30,000 ಅಕ್ಷರಗಳ ಇಡೀ ಜೀನೋಮ್ ಬದಲು, ಆಯಾ ಕೊಂಬೆಯಲ್ಲಾದ ಮ್ಯುಟೇಶನ್ ಮಾತ್ರ ಬರೆದಿಡುತ್ತೆ. ನನ್ನ ಕೇಳಿದ್ರೆ ನಿಜವಾದ ಜಾಣತನ ಇದೇ. ಹೀಗೆ ಬೆಳೆದ ಮರದಲ್ಲಿ ಒಂದು ಕೋಟಿಗೂ ಹೆಚ್ಚು ಎಲೆಗಳಿವೆ, ಅಂದ್ರೆ ಅಷ್ಟು ಜೀನೋಮ್.

ಆದ್ರೆ ಈ ಉಪಾಯ ನಡೆಯೋದು ತೀರಾ ಹತ್ತಿರದ ಸಂಬಂಧಿಗಳಲ್ಲಿ. ಕೋಟ್ಯಂತರ ವರ್ಷಗಳ ಹಿಂದೆ ಬೇರೆಯಾದ ಜೀವಿಗಳಲ್ಲಿ ಡಿಎನ್‌ಎಯ ಒಂದೇ ಜಾಗ ಮತ್ತೆ ಮತ್ತೆ ಬದಲಾಗಿರುತ್ತೆ. ಅಲ್ಲಿಗೆ, ಅಶರ್‌ಗಿಂತ ನಿಧಾನವಾದ್ರೂ, ಫೆಲ್ಸೆನ್‌ಸ್ಟೀನ್ ಅವರ ಸಂಭವನೀಯತೆಯ ಲೆಕ್ಕವೇ ಬೇಕು.