ಕೆಟ್ಟ ರಸ್ತೆಗೆ ಒಳ್ಳೆಯ ಕಾರು: ಸಿಟ್ರೊಯೆನ್ ಸಾಲಿನಲ್ಲಿ ನನ್ನ ಆಯ್ಕೆ

ಕಾರಿನ ಮಾತು ಬಂದರೆ ನಮ್ಮಲ್ಲಿ ಮೊದಲ ಪ್ರಶ್ನೆ ‘ಮೈಲೇಜ್ ಎಷ್ಟು ಕೊಡುತ್ತೆ?’ ಎಂಬುದು. ಎರಡನೆಯದು ರೇಟು. ಚಕ್ರಕ್ಕೂ ಸೀಟಿಗೂ ನಡುವೆ ಏನಿದೆ ಎಂದು ಕೇಳುವವರು ಕಡಿಮೆ. ಬಿಳಿ ಪಟ್ಟೆ ಬಳಿಯದ ಹಂಪ್ ಮೇಲೆ ಹಾರಿ ತಲೆ ಸೂರಿಗೆ ತಾಗಿದಾಗಷ್ಟೇ ಆ ವಿಷಯ ನೆನಪಾಗುವುದು. ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯದು ಉಲ್ಟಾ ಲೆಕ್ಕ. ಅಲ್ಲಿನ ಎಂಜಿನಿಯರುಗಳು ಎಂಜಿನ್ನಿಗಿಂತ ಹೆಚ್ಚಾಗಿ ತಲೆ ಕೆಡಿಸಿಕೊಂಡದ್ದು ಈ ನಡುವಿನ ಜಾಗಕ್ಕೆ, ಅಂದರೆ ಸಸ್ಪೆನ್ಷನ್ನಿಗೆ. ಆದ್ದರಿಂದ ಆ ಕಂಪನಿಯ ಹಳೆಯ, ಹೊಸ ಮಾದರಿಗಳಲ್ಲಿ ಒಂದನ್ನು ಆರಿಸಬೇಕಾದರೆ ನನ್ನ ಅಳತೆಗೋಲೂ ಅದೇ: ಹಾಳು ರಸ್ತೆಯನ್ನು ಕಾರು ಹೇಗೆ ಅರಗಿಸಿಕೊಳ್ಳುತ್ತದೆ, ಆ ಸುಖ ಎಂಥವರ ಕೈಗೆ ಎಟಕುತ್ತದೆ.

ಕಂಪನಿಯ ಸ್ಥಾಪಕ ಆಂದ್ರೆ ಸಿಟ್ರೊಯೆನ್ ಮೊದಲು ಮಾಡುತ್ತಿದ್ದುದು ಗೇರುಗಳ ವ್ಯಾಪಾರ. ಆ ಗೇರುಗಳ ಹಲ್ಲು ನೇರವಾಗಿರದೆ ‘ವಿ’ ಆಕಾರದಲ್ಲಿರುತ್ತಿತ್ತು. ಇಂದಿಗೂ ಈ ಕಾರುಗಳ ಮೂತಿಯ ಮೇಲಿರುವ ಜೋಡಿ ಗುರುತು ಆ ಹಲ್ಲಿನದೇ. 1919ರಲ್ಲಿ ಕಾರು ತಯಾರಿಕೆಗೆ ಇಳಿದ. 1925ರಿಂದ 1934ರವರೆಗೆ ಐಫೆಲ್ ಗೋಪುರದ ಮೈಮೇಲೆ ವಿದ್ಯುದ್ದೀಪಗಳಲ್ಲಿ ತನ್ನ ಹೆಸರು ಬೆಳಗಿಸಿದ. ಪ್ರಚಾರದ ಹುಚ್ಚು ಎಷ್ಟಿತ್ತೋ ಹೊಸತರ ಹುಚ್ಚೂ ಅಷ್ಟೇ. 1934ರ ‘ಟ್ರಾಕ್ಸಿಯೋಂ ಅವಾಂ’ ಮಾದರಿಯಲ್ಲಿ ಎಂಜಿನ್ ಮುಂದಿನ ಚಕ್ರಗಳನ್ನೇ ತಿರುಗಿಸುತ್ತಿತ್ತು, ಕೆಳಗೆ ಬೇರೆ ಚಾಸಿ ಇಲ್ಲದೆ ಬಾಡಿಯೇ ಎಲ್ಲ ಭಾರ ಹೊರುತ್ತಿತ್ತು, ಬ್ರೇಕುಗಳು ಹೈಡ್ರಾಲಿಕ್. ಇಂದು ನಮ್ಮ ಬೀದಿಯ ಬಹುಪಾಲು ಸಣ್ಣ ಕಾರುಗಳು ಇದೇ ಜಾಡಿನವು. ಆದರೆ ಅದನ್ನು ರೂಪಿಸುವ ಖರ್ಚಿಗೆ ಕಂಪನಿ ಮುಳುಗಿ, ಸಾಲ ಕೊಟ್ಟಿದ್ದ ಮಿಶೆಲಿನ್ ಟೈರ್ ಕಂಪನಿಯ ಪಾಲಾಯಿತು. ಮರುವರ್ಷವೇ ಆಂದ್ರೆ ತೀರಿಕೊಂಡ.

ಮುಂದಕ್ಕೆ ಹೋಗುವ ಮೊದಲು ಸ್ಪ್ರಿಂಗಿನ ತಕರಾರು ಏನೆಂದು ನೋಡೋಣ. ಕಾರಿನ ಮೈ ಸೆಕೆಂಡಿಗೆ ಒಂದು ಸಲದ ಆಸುಪಾಸಿನಲ್ಲಿ ಮೇಲೆ ಕೆಳಗೆ ತೂಗಿದರೆ ನಮಗೆ ಹಿತ. ಅದಕ್ಕಿಂತ ಬಹಳ ಬೇಗ ತೂಗಿದರೆ ಕುಲುಕಾಟ, ಬಹಳ ನಿಧಾನವಾದರೆ ದೋಣಿಯಲ್ಲಿ ಬರುವಂಥ ವಾಕರಿಕೆ. ಈ ಲಯವನ್ನು ತೀರ್ಮಾನಿಸುವುದು ಎರಡೇ ಸಂಗತಿ: ಸ್ಪ್ರಿಂಗ್ ಎಷ್ಟು ಬಿಗಿ, ಅದರ ಮೇಲೆ ಎಷ್ಟು ಭಾರ. ಉಕ್ಕಿನ ಸುರುಳಿಯ ಬಿಗಿ ಕಾರ್ಖಾನೆಯಲ್ಲೇ ನಿಗದಿಯಾದದ್ದು. ಭಾರ ಮಾತ್ರ ದಿನಕ್ಕೊಂದು. ಮೆತ್ತಗಿನ ಸ್ಪ್ರಿಂಗ್ ಹಾಕಿದರೆ ಒಬ್ಬನೇ ಓಡಿಸುವಾಗ ಸುಖ. ಐದು ಜನ ಕೂತು ಡಿಕ್ಕಿಯಲ್ಲಿ ಎರಡು ಮೂಟೆ ತೆಂಗಿನಕಾಯಿ ಇಟ್ಟರೆ ಬಾಲ ನೆಲ ಕೆರೆಯುತ್ತದೆ. ಬಿಗಿ ಸ್ಪ್ರಿಂಗ್ ಹಾಕಿದರೆ ತುಂಬಿದ ಕಾರು ಸರಿ, ಖಾಲಿ ಕಾರು ಕುಣಿತ. ಲೋಡ್ ಇಲ್ಲದ ಲಾರಿಯ ಹಿಂದೆ ನಿಂತು ಪಯಣಿಸಿದವರಿಗೆ ಈ ಭೌತಶಾಸ್ತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ತಕರಾರಿಗೆ ಸಿಟ್ರೊಯೆನ್ ಎರಡು ಉತ್ತರ ಕೊಟ್ಟಿತು. ಮೊದಲನೆಯದು ಬಡವರ ಉತ್ತರ. ಮಿಶೆಲಿನ್ ಕಡೆಯಿಂದ ಬಂದ ಪಿಯರ್ ಬೂಲಾಂಜೆ, ಹಳ್ಳಿಯ ರೈತರಿಗೊಂದು ಕಾರು ಬೇಕು ಎಂದು ಎಂಜಿನಿಯರುಗಳಿಗೆ ಹಾಕಿದ ಷರತ್ತುಗಳು ಈಗ ದಂತಕಥೆ: 50 ಕಿಲೊ ಆಲೂಗಡ್ಡೆ ಹೊರಬೇಕು, 100 ಕಿ.ಮೀ.ಗೆ ಮೂರು ಲೀಟರ್ ಪೆಟ್ರೋಲ್ ಸಾಕಾಗಬೇಕು, ಉತ್ತ ಹೊಲದಲ್ಲಿ ಹಾದು ಹೋದರೂ ಬುಟ್ಟಿಯ ಮೊಟ್ಟೆ ಒಡೆಯಬಾರದು. 1939ರ ಹೊತ್ತಿಗೆ ತಯಾರಾಗಿದ್ದ ಮೊದಲ ಕಾರುಗಳನ್ನು ಯುದ್ಧ ಬಂದಾಗ ಜರ್ಮನರ ಕಣ್ಣಿಗೆ ಬೀಳದಂತೆ ಅಡಗಿಸಿದರು, ನಾಶ ಮಾಡಿದರು. ಕೊನೆಗೆ 1948ರಲ್ಲಿ ಪ್ಯಾರಿಸ್ ಮೇಳದಲ್ಲಿ ‘2ಸಿವಿ’ ಹೊರಬಂತು. 375 ಸಿಸಿಯ ಎರಡು ಸಿಲಿಂಡರ್ ಎಂಜಿನ್, ಒಂಬತ್ತು ಅಶ್ವಶಕ್ತಿ, ಸುತ್ತಿಡಬಹುದಾದ ಕ್ಯಾನ್ವಾಸ್ ಮಾಡು. ವೈಪರನ್ನು ಓಡಿಸುತ್ತಿದ್ದುದು ಸ್ಪೀಡೋಮೀಟರಿನ ಕೇಬಲ್! ಕಾರು ನಿಧಾನವಾದರೆ ವೈಪರೂ ನಿಧಾನ.

ಜಾಣತನವೆಲ್ಲ ಇದ್ದದ್ದು ಅಡಿಯಲ್ಲಿ. ಕಾರಿನ ಎರಡೂ ಬದಿಗೆ ಉದ್ದಕ್ಕೆ ಮಲಗಿಸಿದ ಒಂದೊಂದು ಕೊಳವೆ; ಅದರೊಳಗೆ ಮುಂದಿನ ಚಕ್ರಕ್ಕೊಂದು, ಹಿಂದಿನದಕ್ಕೊಂದು ಸುರುಳಿ ಸ್ಪ್ರಿಂಗ್. ಮುಂದಿನ ಚಕ್ರ ಹಂಪ್ ಹತ್ತಿತೆನ್ನಿ. ಅದರ ಸರಳು ಸ್ಪ್ರಿಂಗನ್ನು ಎಳೆಯುತ್ತದೆ, ಎಳೆತಕ್ಕೆ ಕೊಳವೆಯೂ ತುಸು ಮುಂದೆ ಸರಿಯುತ್ತದೆ, ಹಾಗೆ ಸರಿದಾಗ ಹಿಂದಿನ ಸ್ಪ್ರಿಂಗ್ ಬಿಗಿಯಾಗುತ್ತದೆ. ಹಿಂಚಕ್ರ ಇನ್ನೂ ಹಂಪ್ ಮುಟ್ಟುವ ಮೊದಲೇ ಕಾರಿನ ಬೆನ್ನು ಸ್ವಲ್ಪ ಏಳುತ್ತದೆ. ಮೂತಿ ಮೇಲಾಗಿ ಬಾಲ ಕೆಳಗಾಗುವ ಬದಲು ಇಡೀ ಮೈ ಸಮನಾಗಿ ಎದ್ದು ಇಳಿಯುತ್ತದೆ. ಪಂಪು ಇಲ್ಲ, ಎಣ್ಣೆ ಇಲ್ಲ, ಬರೀ ಸರಳು ಮತ್ತು ಸುರುಳಿ. 1990ರವರೆಗೆ, 42 ವರ್ಷ, 38 ಲಕ್ಷಕ್ಕೂ ಹೆಚ್ಚು 2ಸಿವಿಗಳು ಹೊರಬಂದವು. ಹೆಚ್ಚಿನವರ ಮೆಚ್ಚಿನ ಸಿಟ್ರೊಯೆನ್ ಇದೇ ಇರಬಹುದು. ನನ್ನದಲ್ಲ. ತಿರುವಿನಲ್ಲಿ ಅದು ವಾಲುವ ರೀತಿ ಎದೆ ನಡುಗಿಸುವಂಥದು, ಅದರ ತೆಳು ತಗಡಿನ ಹಿಂದೆ ಕೂತು ಹೆದ್ದಾರಿಗೆ ಇಳಿಯುವ ಧೈರ್ಯವೂ ನನಗಿಲ್ಲ.

ಎರಡನೆಯದು ಸಿರಿವಂತರ ಉತ್ತರ. 1955ರ ಅಕ್ಟೋಬರಿನಲ್ಲಿ ಪ್ಯಾರಿಸ್ ಮೇಳದಲ್ಲಿ ‘ಡಿಎಸ್’ನ ಮುಸುಕು ತೆಗೆದ ಮೊದಲ ದಿನವೇ ಸುಮಾರು 12,000 ಜನ ಬುಕ್ ಮಾಡಿದರು. ಶಿಲ್ಪಿ ಫ್ಲಾಮಿನಿಯೊ ಬೆರ್ತೋನಿ ರೂಪಿಸಿದ ಮೈ ಎಲ್ಲರ ಕಣ್ಣು ಸೆಳೆಯಿತು. ಒಳಗಿನ ಮಾಯೆ ಪೋಲ್ ಮಾಜೆಸ್ ಎಂಬಾತನದು. ಆತ ಉಕ್ಕಿನ ಸ್ಪ್ರಿಂಗನ್ನೇ ಕಿತ್ತೆಸೆದಿದ್ದ.

ಪ್ರತಿ ಚಕ್ರಕ್ಕೂ ಒಂದು ಉಕ್ಕಿನ ಗೋಳ. ಅದರ ನಡುವೆ ರಬ್ಬರಿನ ಪೊರೆ; ಪೊರೆಯ ಮೇಲೆ ಒತ್ತಿ ತುಂಬಿದ ನೈಟ್ರೋಜನ್, ಕೆಳಗೆ ಎಣ್ಣೆ. ಚಕ್ರ ಏರಿದರೆ ಪಿಸ್ಟನ್ ಎಣ್ಣೆಯನ್ನು ಗೋಳದೊಳಕ್ಕೆ ತಳ್ಳುತ್ತದೆ. ಎಣ್ಣೆ ಕುಗ್ಗುವುದಿಲ್ಲ, ಅನಿಲ ಕುಗ್ಗುತ್ತದೆ. ಅನಿಲಕ್ಕೊಂದು ಒಳ್ಳೆಯ ಗುಣವಿದೆ: ಕುಗ್ಗಿಸಿದಷ್ಟೂ ಅದು ಹೆಚ್ಚು ಹೆಚ್ಚು ಬಿಗಿಯಾಗುತ್ತ ಹೋಗುತ್ತದೆ. ಸಣ್ಣ ಏರಿಳಿತಕ್ಕೆ ಮೆತ್ತಗೆ, ದೊಡ್ಡ ಗುಂಡಿಗೆ ಗಟ್ಟಿ. ಗೋಳದ ಕತ್ತಿನಲ್ಲಿರುವ ಸಣ್ಣ ರಂಧ್ರಗಳ ಮೂಲಕ ಎಣ್ಣೆ ನುಸುಳಿ ಹೋಗುವಾಗ ಕುಣಿತದ ಶಕ್ತಿ ಕರಗುತ್ತದೆ. ಹಾಗಾಗಿ ಬೇರೆ ಷಾಕ್ ಅಬ್ಸಾರ್ಬರ್ ಬೇಕಿಲ್ಲ.

ಇಷ್ಟೇ ಆಗಿದ್ದರೆ ಭಾರ ಹೇರಿದಾಗ ಈ ಕಾರೂ ಕುಸಿಯುತ್ತಿತ್ತು. ಅದಕ್ಕೆ ಮಾಜೆಸ್ ಎಂಜಿನ್ನಿನಿಂದ ತಿರುಗುವ ಪಂಪೊಂದನ್ನು ಜೋಡಿಸಿದ. ಕಾರು ಕುಸಿದದ್ದನ್ನು ಗುರುತಿಸುವ ಕವಾಟ ಇನ್ನಷ್ಟು ಎಣ್ಣೆ ಒಳಬಿಡುತ್ತದೆ, ಕಾರು ಮತ್ತೆ ತನ್ನ ಎತ್ತರಕ್ಕೆ ಬಂದು ನಿಲ್ಲುತ್ತದೆ. ಜನ ಇಳಿದರೆ ಎಣ್ಣೆ ಹೊರಗೆ. ಈ ಕವಾಟವನ್ನು ಬೇಕೆಂದೇ ನಿಧಾನಸ್ಥನನ್ನಾಗಿ ಮಾಡಿದ್ದರು. ಇಲ್ಲದಿದ್ದರೆ ಪ್ರತಿ ಗುಂಡಿಗೂ ಗಾಬರಿಬಿದ್ದು ಎಣ್ಣೆ ಬಿಡುತ್ತಲೇ ಇರುತ್ತಿತ್ತು. ಎತ್ತರವನ್ನು ಚಾಲಕನೇ ಒಂದು ಸನ್ನೆಕೋಲಿನಿಂದ ಬದಲಿಸಬಹುದಿತ್ತು. ಪಂಕ್ಚರ್ ಆಯಿತೇ? ಕಾರನ್ನು ಪೂರ್ತಿ ಎತ್ತರಿಸಿ, ಬದಿಗೊಂದು ಊರೆ ಕೊಟ್ಟು, ಮತ್ತೆ ತಗ್ಗಿಸಿದರೆ ಚಕ್ರ ತಾನಾಗಿ ಮೇಲೇಳುತ್ತಿತ್ತು. ಜಾಕ್ ತಿರುಗಿಸುವ ಕೆಲಸವಿಲ್ಲ. ರಾತ್ರಿಯಿಡೀ ನಿಲ್ಲಿಸಿದ ಕಾರಿನಲ್ಲಿ ಒತ್ತಡ ಇಳಿದು ಅದು ನೆಲಕ್ಕೆ ಕುಕ್ಕರಿಸಿರುತ್ತಿತ್ತು. ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದರೆ ಕೊಟ್ಟಿಗೆಯ ಹಸು ಏಳುವ ಹಾಗೆ ಮೊದಲು ಹಿಂಭಾಗ, ಆಮೇಲೆ ಮುಂಭಾಗ.

1962ರ ಆಗಸ್ಟ್ 22ರಂದು ಪ್ಯಾರಿಸ್ ಹೊರವಲಯದ ಪೆಟಿ ಕ್ಲಮಾರ್‌ನಲ್ಲಿ ಅಧ್ಯಕ್ಷ ದ ಗಾಲ್ ಅವರ ಡಿಎಸ್ ಮೇಲೆ ಹಂತಕರು ಗುಂಡಿನ ಮಳೆಗರೆದರು. ಟೈರುಗಳು ಒಡೆದವು. ಚಾಲಕ ಕಾರನ್ನು ನಿಲ್ಲಿಸದೆ ಓಡಿಸಿಕೊಂಡು ಹೋದ. ದ ಗಾಲ್ ದಂಪತಿಗೆ ಗಾಯವೂ ಆಗಲಿಲ್ಲ. ಇದೆಲ್ಲ ಸಸ್ಪೆನ್ಷನ್ ಮಹಿಮೆ ಎಂದು ಅಭಿಮಾನಿಗಳು ಹಾಡಿ ಹೊಗಳುತ್ತಾರೆ. ನನ್ನ ಮಟ್ಟಿಗೆ ಅರ್ಧ ಪಾಲಾದರೂ ಚಾಲಕನ ಕೈಗೆ ಸಲ್ಲಬೇಕು.

ಇಷ್ಟು ಮೆಚ್ಚಿಯೂ ಡಿಎಸ್ ಅನ್ನು ನಾನು ಆರಿಸುವುದಿಲ್ಲ. ಒಂದೇ ಪಂಪಿನ ಎಣ್ಣೆ ಬ್ರೇಕಿಗೂ ಸ್ಟೀರಿಂಗಿಗೂ ಕ್ಲಚ್ಚಿಗೂ ಹರಿಯುತ್ತಿತ್ತು. ಮೊದಲ ವರ್ಷಗಳ ಕೆಂಪು ಎಣ್ಣೆ ಗಾಳಿಯ ತೇವ ಹೀರಿ ಒಳಗಿನ ಭಾಗಗಳಿಗೆ ತುಕ್ಕು ಹಿಡಿಸುತ್ತಿತ್ತು. ಹಸಿರು ಬಣ್ಣದ ಖನಿಜ ಎಣ್ಣೆ ಬಂದ ಮೇಲಷ್ಟೇ, 1960ರ ದಶಕದ ಉತ್ತರಾರ್ಧದಲ್ಲಿ, ಆ ಕಾಟ ತಪ್ಪಿತು. ಅದಕ್ಕಿಂತ ದೊಡ್ಡ ದೂರು ಬೇರೆ. ಇದು ಮಂತ್ರಿಗಳ, ಡಾಕ್ಟರುಗಳ, ಕಂಪನಿ ಮಾಲೀಕರ ಕಾರು. ಬ್ರಿಟನ್ನಿನ ರೋಲ್ಸ್‌ರಾಯ್ಸ್ ಕೂಡ 1965ರ ತನ್ನ ಸಿಲ್ವರ್ ಶ್ಯಾಡೋಗೆ ಇದೇ ತಂತ್ರದ ಪರವಾನಗಿ ಪಡೆಯಿತು. ಮೆತ್ತಗಿನ ಸವಾರಿ ಮತ್ತಷ್ಟು ಮೇಲಿನವರ ಮನೆ ಸೇರಿತು. ಕೆಳಗೆ 2ಸಿವಿ ಮತ್ತು ಅದರ ಬಳಗ, ಮೇಲೆ ಡಿಎಸ್. ನಡುವಿನ ಗುಮಾಸ್ತ, ಮೇಷ್ಟ್ರು, ಅಂಗಡಿಯವನಿಗೆ ಕೊಡಲು ಸಿಟ್ರೊಯೆನ್ ಬಳಿ ಹೇಳಿಕೊಳ್ಳುವಂಥ ಕಾರೇ ಇರಲಿಲ್ಲ.

ಆ ಜಾಗಕ್ಕೆ 1970ರಲ್ಲಿ ಬಂದದ್ದು ‘ಜಿಎಸ್’. ನನ್ನ ಆಯ್ಕೆ ಇದು.

ರೊಬೆರ್ ಒಪ್ರೋಂ ವಿನ್ಯಾಸದ, ನೀರಹನಿಯಂತೆ ಬಾಲದ ಕಡೆ ಇಳಿಜಾರಾದ, ಸುಮಾರು 900 ಕಿಲೊ ತೂಕದ ಕಾರು. 1015 ಸಿಸಿಯ ನಾಲ್ಕು ಸಿಲಿಂಡರುಗಳು ಎರಡೆರಡಾಗಿ ಎದುರು ಬದುರು ಮಲಗಿರುತ್ತವೆ. ಎಂಜಿನ್ನಿಗೆ ಗಾಳಿಯದೇ ತಂಪು. ರೇಡಿಯೇಟರ್ ಇಲ್ಲ, ನೀರು ಸೋರುವ ಮಾತೂ ಇಲ್ಲ. ಎಂಜಿನ್ ತಗ್ಗಾಗಿ ಮಲಗಿರುವುದರಿಂದ ಮೂತಿಯೂ ತಗ್ಗು. ಇಂಥ ಸಣ್ಣ ಸಂಸಾರಿ ಕಾರಿನಡಿ ಡಿಎಸ್‌ನ ಅವೇ ಗೋಳ, ಪಂಪು, ಎತ್ತರ ಹೊಂದಿಸುವ ಕವಾಟ. ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್. ಹತ್ತು ವರ್ಷದ ನಂತರವೂ ಅದರ ಪ್ರತಿಸ್ಪರ್ಧಿಗಳಲ್ಲಿ ಹಲವಕ್ಕೆ ಹಿಂದೆ ಡ್ರಮ್ಮೇ ಇತ್ತು. ಹಿಂದಿನ ಬ್ರೇಕಿಗೆ ಒತ್ತಡ ಬರುತ್ತಿದ್ದುದು ಹಿಂದಿನ ಸಸ್ಪೆನ್ಷನ್ನಿನಿಂದಲೇ. ಹಿಂದೆ ಮೂವರು ಕೂತರೆ ಗೋಳದ ಒತ್ತಡ ಏರುತ್ತದೆ, ಬ್ರೇಕಿನ ಬಲವೂ ತಾನಾಗಿ ಏರುತ್ತದೆ. ಖಾಲಿ ಇದ್ದರೆ ಬಲ ತಗ್ಗಿ ಚಕ್ರ ಜಾರುವ ಅಪಾಯ ತಗ್ಗುತ್ತದೆ. ಇಂದು ಕಂಪ್ಯೂಟರ್ ಮಾಡುವ ಲೆಕ್ಕವನ್ನು ಒಂದು ಎಣ್ಣೆ ಕೊಳವೆ ಬಾಯಿ ಮುಚ್ಚಿಕೊಂಡು ಮಾಡುತ್ತಿತ್ತು. ಜಿಎಸ್‌ನ ಇಷ್ಟೆಲ್ಲ ಗುಣಗಳಲ್ಲಿ ನನ್ನನ್ನು ಕಟ್ಟಿಹಾಕಿದ್ದು ಇದೇ.

ಯುರೋಪಿನ 1971ರ ವರ್ಷದ ಕಾರು ಪ್ರಶಸ್ತಿ ಇದಕ್ಕೆ ಬಂತು. 1979ರಲ್ಲಿ ‘ಜಿಎಸ್ಎ’ ಎಂದು ಹೆಸರು ಬದಲಿಸಿಕೊಂಡು 1986ರವರೆಗೆ ನಡೆಯಿತು; ಎರಡೂ ಸೇರಿ 24 ಲಕ್ಷಕ್ಕೂ ಹೆಚ್ಚು. ಡಿಎಸ್‌ಗಳ ಸಂಖ್ಯೆ 14.5 ಲಕ್ಷ.

ದೋಷ ಇಲ್ಲವೆಂದಲ್ಲ. ಮೈಗೆ ತುಕ್ಕು ಬೇಗ ಹತ್ತುತ್ತಿತ್ತು. ಸಣ್ಣ ಎಂಜಿನ್ನಿಗೆ ಕಡಿಮೆ ಸುತ್ತಿನಲ್ಲಿ ಎಳೆತ ಸಾಲದು; ಗೇರು ಬದಲಿಸುತ್ತ, ಎಂಜಿನ್ನನ್ನು ಕಿರುಚಿಸುತ್ತ ಓಡಿಸಬೇಕು, ಪೆಟ್ರೋಲನ್ನೂ ಧಾರಾಳವಾಗಿ ಸುರಿಯಬೇಕು. ಇದೇ ಕಾರಿಗೆ ವಾಂಕೆಲ್ ರೋಟರಿ ಎಂಜಿನ್ ಕೂರಿಸಿ 1973ರಲ್ಲಿ ಒಂದು ಆವೃತ್ತಿ ಬಿಟ್ಟರು. ತೈಲ ಬಿಕ್ಕಟ್ಟಿನ ಹೊತ್ತಿಗೆ ಸರಿಯಾಗಿ! ಅದರ ಪೆಟ್ರೋಲ್ ದಾಹ ಕಂಡು ಕಂಪನಿಯೇ ಬಹುಪಾಲು ಕಾರುಗಳನ್ನು ಗ್ರಾಹಕರಿಂದ ವಾಪಸ್ ಕೊಂಡಿತು. ಕಂಪನಿಯ ಇನ್ನೊಂದು ಕಾರು, ಮಾಸೆರಾಟಿ ಎಂಜಿನ್ನಿನ ‘ಎಸ್ಎಂ’, ಸುಂದರಿ, ಆದರೆ ದುಬಾರಿ. ಇಂಥ ಸಾಹಸಗಳ ನಡುವೆ ಕಂಪನಿಗೆ ಮತ್ತೆ ಸಾಲ ಕುತ್ತಿಗೆಗೆ ಬಂದು, 1970ರ ದಶಕದ ನಡುವೆ ಅದು ಪೂಜೊ ತೆಕ್ಕೆಗೆ ಸೇರಿತು.

ಗೋಳಗಳ ಸಂತತಿ ಸಿಎಕ್ಸ್, ಬಿಎಕ್ಸ್, ಎಕ್ಸ್ಎಂ, ಕ್ಸಾಂಟಿಯಾ ದಾಟಿ ‘ಸಿ5’ವರೆಗೆ ಬಂದು 2017ರಲ್ಲಿ ಮುಗಿಯಿತು. ಉಕ್ಕಿನ ಸ್ಪ್ರಿಂಗ್ ಅಗ್ಗ, ಎಲೆಕ್ಟ್ರಾನಿಕ್ಸ್ ಸಹಾಯದಿಂದ ಅದೂ ಬಹಳಷ್ಟು ಸುಧಾರಿಸಿತ್ತು. ಈಗಿನ ಸಿಟ್ರೊಯೆನ್‌ಗಳಲ್ಲಿ ಕೆಲವಕ್ಕೆ ಷಾಕ್ ಅಬ್ಸಾರ್ಬರಿನ ಎರಡೂ ತುದಿಯಲ್ಲಿ ಪುಟ್ಟ ಹೈಡ್ರಾಲಿಕ್ ತಡೆ ಇರುತ್ತದೆ. ಗುಂಡಿಗೆ ಬಿದ್ದಾಗ ಕೊನೆಯ ‘ಧಡ್’ ಅನ್ನು ಅದು ನುಂಗುತ್ತದೆ. 2021ರಲ್ಲಿ ಭಾರತಕ್ಕೆ ಬಂದ ಸಿ5 ಏರ್‌ಕ್ರಾಸ್‌ನಲ್ಲಿ ಇದಿತ್ತು. ಒಳ್ಳೆಯ ತಂತ್ರ, ಆದರೆ ಗೋಳದ ಜಾಣತನದ ಮುಂದೆ ಸಪ್ಪೆ. ಚೆನ್ನೈ ಬಳಿಯ ತಿರುವಳ್ಳೂರಿನಲ್ಲಿ ತಯಾರಾಗುವ ಸಿ3, ಬಸಾಲ್ಟ್‌ಗಳ ಮೂತಿಯ ಮೇಲೂ ಆಂದ್ರೆಯ ಗೇರುಹಲ್ಲು ಇದೆ. ಅಡಿಯಲ್ಲಿ ಎಲ್ಲರ ಹಾಗೆ ಸುರುಳಿ ಸ್ಪ್ರಿಂಗು.

ಯುರೋಪಿನಲ್ಲಿರುವ ಕನ್ನಡಿಗರಲ್ಲಿ ಯಾರಾದರೂ ಹಳೆಯ ಜಿಎಸ್ ಕೊಳ್ಳುವ ಮನಸ್ಸು ಮಾಡಿದರೆ ಒಂದು ಪರೀಕ್ಷೆ ನೆನಪಿಡಿ. ಎಂಜಿನ್ ಚಾಲೂ ಮಾಡಿ, ಕಾರು ಪೂರ್ತಿ ಏಳುವವರೆಗೆ ಕಾದು, ಹಿಂಭಾಗವನ್ನು ಅಂಗೈಯಿಂದ ಒತ್ತಿ. ಮೆತ್ತಗೆ ಕುಗ್ಗಿ ಮೇಲೆ ಬಂದರೆ ಸರಿ. ಜಗ್ಗದಿದ್ದರೆ ಗೋಳದ ನೈಟ್ರೋಜನ್ ಸೋರಿ ಹೋಗಿದೆ ಎಂದರ್ಥ. ಹೆದರಬೇಕಿಲ್ಲ, ಗೋಳವನ್ನು ತಿರುಪಿ ಬಿಚ್ಚಿ ಹೊಸದು ಹಾಕಬಹುದು. ಆದರೆ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಡದೆ ಮಾತ್ರ ಅದರ ಅಡಿಗೆ ನುಗ್ಗಬೇಡಿ. ಒತ್ತಡ ಇಳಿದರೆ ಕಾರು ಕೂತೇ ಕೂರುತ್ತದೆ.