ಪದವಿ ತರಗತಿಗಳಲ್ಲಿ ಧರ್ಮಗಳ ಅಧ್ಯಯನ: ನಮ್ಮ ನಾಲ್ಕು ತಾಲೂಕುಗಳಿಂದ ಒಂದು ವಿಚಾರ

ಇಂಡಿ ತಾಲೂಕಿನ ಸಾಲೋಟಗಿಯ ಶಾಸನವನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಕ್ರಿ. ಶ. ೯೪೫ರಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲೊಂದು ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ ೨೭ ಮನೆಗಳಿದ್ದುವು. ದೀಪದೆಣ್ಣೆಯ ವೆಚ್ಚಕ್ಕೂ ಉಪಾಧ್ಯಾಯನ ಜೀವನಕ್ಕೂ ಬೇರೆಬೇರೆಯಾಗಿ ಭೂಮಿಯನ್ನು ಬಿಡಲಾಗಿತ್ತು. ಊರಿನ ಮದುವೆ, ಉಪನಯನಗಳಿಂದಲೂ ಶಾಲೆಗೆ ಕಾಣಿಕೆ ಸಲ್ಲಬೇಕೆಂಬ ಕಟ್ಟಳೆಯಿದ್ದಿತು. ಸಾವಿರ ವರ್ಷಗಳ ಹಿಂದೆಯೇ ಉನ್ನತ ವಿದ್ಯೆಗೆ ಇಷ್ಟು ಏರ್ಪಾಡು ಮಾಡಿದ ಈ ನೆಲದಲ್ಲಿ, ಇಂದು ಧರ್ಮಗಳನ್ನು ಪದವಿ ತರಗತಿಯ ಪ್ರಧಾನ ವಿಷಯವಾಗಿ ಓದುವುದೆಂದರೆ ಏನು, ಅದು ಹೇಗೆ ಸಾಧ್ಯ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಸಾಲೋಟಗಿಯಲ್ಲಿ ನಡೆದುದು ಒಂದು ಪರಂಪರೆಯೊಳಗಿದ್ದು ಆ ಪರಂಪರೆಯನ್ನು ಕಲಿಯುವ ಅಧ್ಯಯನ. ನಮ್ಮ ಮಠಗಳಲ್ಲಿ, ಮದರಸಗಳಲ್ಲಿ, ಮಂಗಳೂರು ಬೆಂಗಳೂರುಗಳ ಕ್ರೈಸ್ತ ದೇವಜ್ಞಾನ ಕಾಲೇಜುಗಳಲ್ಲಿ ನಡೆಯುವುದೂ ಬಹುಮಟ್ಟಿಗೆ ಅದೇ. ಅದರ ಗುರಿ ಸಾಧಕನನ್ನೋ ಉಪದೇಶಕನನ್ನೋ ಸಿದ್ಧಗೊಳಿಸುವುದು. ವಿಶ್ವವಿದ್ಯಾಲಯದ ಅಧ್ಯಯನವಾದರೋ ಧರ್ಮವನ್ನು ಕುರಿತು ತಿಳಿಯುವುದು. ವಿದ್ಯಾರ್ಥಿಯ ಶ್ರದ್ಧೆ ಯಾವುದೆಂದು ಅದು ಕೇಳುವುದಿಲ್ಲ. ಸಂವಿಧಾನದ ೨೮ನೆಯ ಅನುಚ್ಛೇದವು ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆಯನ್ನು ನಿಷೇಧಿಸಿದೆ. ಇದನ್ನೇ ಮುಂದಿಟ್ಟು ಧರ್ಮದ ಸುದ್ದಿಯೇ ತರಗತಿಯಲ್ಲಿ ಬೇಡವೆನ್ನುವವರುಂಟು. ಆದರೆ ೧೯೪೮-೪೯ರ ರಾಧಾಕೃಷ್ಣನ್ ಆಯೋಗವು ಪದವಿಯ ಮೊದಲ ವರ್ಷದಲ್ಲಿ ಧರ್ಮಗುರುಗಳ ಚರಿತ್ರೆ, ಎರಡನೆಯ ವರ್ಷದಲ್ಲಿ ಧರ್ಮಗ್ರಂಥಗಳ ಆಯ್ದ ಭಾಗ, ಮೂರನೆಯ ವರ್ಷದಲ್ಲಿ ಧರ್ಮತತ್ತ್ವದ ಮುಖ್ಯ ಸಮಸ್ಯೆಗಳು ಎಂಬ ಕ್ರಮವನ್ನು ಸೂಚಿಸಿತ್ತು. ೧೯೬೪-೬೬ರ ಕೊಠಾರಿ ಆಯೋಗವೂ ಧಾರ್ಮಿಕ ಬೋಧನೆ ಬೇರೆ, ಧರ್ಮಗಳನ್ನು ಕುರಿತ ಶಿಕ್ಷಣ ಬೇರೆ ಎಂದಿತು. ೨೦೦೨ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅರುಣಾ ರಾಯ್ ಪ್ರಕರಣದ ತೀರ್ಪಿನಲ್ಲಿ ಈ ಭೇದವನ್ನು ಅಂಗೀಕರಿಸಿದೆ. ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯದಲ್ಲಿ ೧೯೬೭ರಷ್ಟು ಹಿಂದೆಯೇ ಧರ್ಮಾಧ್ಯಯನ ವಿಭಾಗವು ಆರಂಭವಾಯಿತು. ಮೈಸೂರು ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರಕ್ಕೂ ಕ್ರೈಸ್ತಧರ್ಮಕ್ಕೂ ಅಧ್ಯಯನ ವಿಭಾಗಗಳಿವೆ. ನಮ್ಮ ತಾಲೂಕು ಕಾಲೇಜುಗಳಲ್ಲಾದರೋ ಈ ವಿಷಯವು ಇತಿಹಾಸದಲ್ಲಿಷ್ಟು, ಕನ್ನಡದಲ್ಲಿಷ್ಟು ಹಂಚಿಹೋಗಿದೆ.

ಇನ್ನು ಬೈಬಲ್ಲಿನ ವಿಷಯ. ಕನ್ನಡ ವಿದ್ಯಾರ್ಥಿಗೆ ಅದು ಪರದೇಶದ ಗ್ರಂಥವೆನ್ನುವುದು ಅರ್ಧಸತ್ಯ. ೧೮೧೦ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸನು ಆರಂಭಿಸಿದ ಭಾಷಾಂತರವನ್ನು ಮುಂದೆ ಬಾಸೆಲ್ ಮಿಶನ್ನಿನ ವೈಗ್ಲೆ ಮೊದಲಾದವರು ಪರಿಷ್ಕರಿಸಿದರು. ಈ ಭಾಷಾಂತರಕಾರರು ಶಬ್ದಗಳನ್ನು ಎಲ್ಲಿಂದ ತಂದರೆಂಬುದನ್ನು ಹುಡುಕುವುದೇ ಒಂದು ವರ್ಷದ ಪಾಠಕ್ಕೆ ಸಾಕಾದಷ್ಟಿದೆ. ಗ್ರಂಥದ ಹೆಸರು 'ಸತ್ಯವೇದ'. ಅಲ್ಲಿ ವೇದಶಬ್ದವೂ ಇದೆ, ಬೇರೆ ವೇದಗಳ ವಿಷಯದಲ್ಲಿ ಒಂದು ತೀರ್ಪೂ ಇದೆ. ನೀರಿನಿಂದ ನಡೆಯುವ ಸಂಸ್ಕಾರಕ್ಕೆ 'ದೀಕ್ಷಾಸ್ನಾನ'ವೆಂದರು. ದೀಕ್ಷೆಯೆಂದರೆ ಬಸವನ ಬಾಗೇವಾಡಿಯ ಮನೆಗಳಲ್ಲಿ ಲಿಂಗದೀಕ್ಷೆ. ಜೈನರಲ್ಲಿ ಸಂಸಾರವನ್ನೇ ತೊರೆಯುವುದು. ಒಂದೇ ಮಾತು ಮೂರು ಧರ್ಮಗಳಲ್ಲಿ ಮೂರು ದಾರಿಗಳನ್ನು ಹಿಡಿದಿದೆ. ಹೀಬ್ರೂ, ಗ್ರೀಕ್ ಭಾಷೆಗಳನ್ನರಿಯದ ನಮ್ಮ ವಿದ್ಯಾರ್ಥಿಯು ಮೂಲಕ್ಕೆ ಹೋಗಲಾರನೆಂಬುದು ನಿಜವಾದ ಕೊರತೆ. ಆದರೆ ಮೂಲವನ್ನು ಬಲ್ಲ ಪರದೇಶದ ವಿದ್ಯಾರ್ಥಿಗೆ ಕಾಣದ ಈ ಸಂಗತಿ ಅವನಿಗೆ ತಾಯ್ನುಡಿಯಲ್ಲಿಯೇ ಕಾಣಿಸುತ್ತದೆ. ಕೊಡುಕೊಳೆಯೂ ಒಂದೇ ಕಡೆಯಿಂದ ನಡೆಯಲಿಲ್ಲ: ಮ್ಯೋಗ್ಲಿಂಗನು ಬಸವಪುರಾಣವನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದನು, ವ್ಯೂರ್ಥನು ಅದರ ಸಾರವನ್ನು ೧೮೬೦ರ ದಶಕದಲ್ಲಿ ಇಂಗ್ಲಿಷಿಗಿಳಿಸಿದನು. ಮತಪ್ರಸಾರಕ್ಕೆಂದು ಬಂದವರು ಇದಿರು ಪಕ್ಷದ ಗ್ರಂಥವನ್ನು ಇಷ್ಟು ಶ್ರಮದಿಂದ ಓದಿದರೆಂಬುದು ಗಮನಾರ್ಹ.

ಈ ಅಧ್ಯಯನದಲ್ಲಿ ಅತ್ಯಂತ ಕಠಿಣವಾದ ಘಟ್ಟ ಗ್ರಂಥವಿಮರ್ಶೆಯದು. ಯೇಸುವಿನ ಚರಿತ್ರೆಯನ್ನು ಹೇಳುವ ಸುವಾರ್ತೆಗಳು ನಾಲ್ಕು. ಮಾರ್ಕನದು ಮೊದಲಿನದೆಂದೂ, ಮತ್ತಾಯ ಲೂಕರು ಅದನ್ನು ಬಳಸಿಕೊಂಡರೆಂದೂ, ಯೋಹಾನನದು ಬೇರೆಯೇ ಜಾಡಿನದೆಂದೂ ಬಹುಮಂದಿ ವಿದ್ವಾಂಸರ ಮತ. ಇದನ್ನು ಒಮ್ಮೆ ತರಗತಿಯಲ್ಲಿ ವಿವರಿಸುತ್ತಿದ್ದಾಗ, ಬಾಗೇವಾಡಿಯ ಕಡೆಯ ವಿದ್ಯಾರ್ಥಿಯೊಬ್ಬನು ಎದ್ದುನಿಂತು, "ಸರ್, ನಮ್ಮ ಶೂನ್ಯಸಂಪಾದನೆಗಳೂ ನಾಲ್ಕು ಅದಾವಲ್ರೀ. ಅವಕ್ಕೂ ಹಿಂಗs ಕೇಳ್ತೀರೇನ್ರೀ?" ಎಂದನು. ತರಗತಿ ನಿಶ್ಶಬ್ದವಾಯಿತು. ಬಸವಣ್ಣನವರು ಹುಟ್ಟಿದ ನೆಲದಲ್ಲಿ ಈ ಪ್ರಶ್ನೆ ಹಗುರವಾದುದಲ್ಲ. ನನಗೂ ಉತ್ತರ ಕೂಡಲೇ ಬಾಯಿಗೆ ಬರಲಿಲ್ಲ. ಕೇಳಲೇಬೇಕಾಗುತ್ತದೆ ಎಂದೆ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣ್ಣ ಈ ನಾಲ್ವರೂ ಶರಣರ ಕಾಲದಿಂದ ಶತಮಾನಗಳಷ್ಟು ಈಚಿನವರು. ಒಬ್ಬರ ಕೃತಿಯನ್ನು ಮತ್ತೊಬ್ಬರು ತಿದ್ದಿ ಬೆಳೆಸಿದವರು. ಪರರ ಗ್ರಂಥಕ್ಕೆ ಹಿಡಿದ ಅಳತೆಗೋಲನ್ನು ನಮ್ಮದಕ್ಕೆ ಹಿಡಿಯದಿದ್ದರೆ ಅದು ವಿದ್ಯೆಯಾಗದು, ವಕೀಲಿಯಾಗುತ್ತದೆ. ಆ ಹುಡುಗನಿಗೆ ಸಮಾಧಾನವಾಯಿತೆಂದು ಹೇಳಲಾರೆ. ಮರುವಾರ ಅವನು ಗ್ರಂಥಾಲಯದಿಂದ ಗೂಳೂರ ಸಿದ್ಧವೀರಣ್ಣನ ಸಂಪುಟವನ್ನು ಒಯ್ದಿದ್ದನ್ನಷ್ಟೆ ನೋಡಿದೆ.

ಈ ಬಗೆಯ ಕೆಲಸಕ್ಕೆ ನಮ್ಮಲ್ಲಿಯೇ ಮೇಲ್ಪಂಕ್ತಿಯಿದೆ. ಬಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ತಾಳೆಯೋಲೆಗಳನ್ನು ಊರೂರು ಅಲೆದು ಕೂಡಿಸಿ ೧೯೨೩ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. ಅವರಿಗೆ ಶ್ರದ್ಧೆಯೂ ಇತ್ತು, ಪಾಠಾಂತರಗಳ ಮೇಲೆ ಕಣ್ಣೂ ಇತ್ತು.

ಕ್ಷೇತ್ರಕಾರ್ಯಕ್ಕೆ ನಮ್ಮ ನಾಲ್ಕು ತಾಲೂಕುಗಳಿಗಿಂತ ಅನುಕೂಲವಾದ ಸ್ಥಳ ವಿರಳ. ಇಂಡಿಯವರಿಗೆ ಸಾಲೋಟಗಿಯಿದೆ. ಸಿಂದಗಿಯ ವಿದ್ಯಾರ್ಥಿ ವಿಜಯಪುರಕ್ಕೆ ಹೋದರೆ ಸೂಫಿಗಳ ದರ್ಗಾಗಳಿವೆ. ಬೀಸುವಾಗ ಹೆಂಗಸರು ಹಾಡಲೆಂದು ಆ ಪರಂಪರೆಯವರು ದಖನಿಯಲ್ಲಿ ಕಟ್ಟಿದ 'ಚಕ್ಕೀನಾಮಾ'ಗಳ ಮಹತ್ತ್ವವನ್ನು ರಿಚರ್ಡ್ ಈಟನ್ ೧೯೭೮ರ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟರು. ನಮ್ಮ ಬೀಸುವ ಪದಗಳೊಡನೆ ಅವನ್ನು ಹೋಲಿಸಿ ನೋಡುವುದು ಪದವಿ ವಿದ್ಯಾರ್ಥಿಯ ಕೈಯಳವಿನ ಕೆಲಸವೇ. ಮುದ್ದೇಬಿಹಾಳದಿಂದ ಕೃಷ್ಣೆಯನ್ನು ದಾಟಿದರೆ ಮುದಗಲ್ಲಿನ ಹಳೆಯ ಕ್ರೈಸ್ತ ಸಮುದಾಯ. ಅದರ ಪರಂಪರೆ ಆದಿಲಶಾಹಿ ಕಾಲದಷ್ಟು ಹಿಂದಕ್ಕೆ ಹೋಗುತ್ತದೆ. ಅಲ್ಲಿಗೆ ಹೋಗುವವರು ಬಾಗಿಲಲ್ಲಿ ಚಪ್ಪಲಿ ಬಿಡುವ ರೀತಿಯಿಂದ ಹಿಡಿದು ಪ್ರಾರ್ಥನೆಯ ಕನ್ನಡದವರೆಗೆ ಎಲ್ಲವನ್ನೂ ಟಿಪ್ಪಣಿ ಮಾಡಿಕೊಂಡು ಬರಬೇಕು. ಬರೆದುಕೊಳ್ಳುವ ಮುನ್ನ ಅಲ್ಲಿಯವರ ಅಪ್ಪಣೆಯನ್ನು ಕೇಳಬೇಕೆಂಬುದನ್ನು ಅಧ್ಯಾಪಕರು ಮೊದಲ ದಿನವೇ ಹೇಳಿಕೊಟ್ಟಿರಬೇಕು.