ಪ್ರಥಮ ಬಾರಿಗೆ ಸ್ಕೀಯಿಂಗ್ ಪ್ರವಾಸ ಕೈಗೊಳ್ಳುವವರಿಗೆ ಮಾಹಿತಿ

ಎರಡೂ ಪಾದಗಳಿಗೆ ಉದ್ದನೆಯ ಹಲಗೆಗಳನ್ನು ಬಿಗಿದು ಹಿಮದ ಇಳಿಜಾರಿನಲ್ಲಿ ಜಾರುವ ಕ್ರೀಡೆಯೇ ಸ್ಕೀಯಿಂಗ್. ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ತಾಲ್ಲೂಕುಗಳ ಆಸಕ್ತ ನಾಗರಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಹಿಮ ಬೀಳದ ನಾಡಿನವರಿಗೆ ಈ ಕ್ರೀಡೆ ಅಸಾಧ್ಯವೇನಲ್ಲ. 2024ರಲ್ಲಿ ಗುಲ್ಮಾರ್ಗ್‌ನಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಕರ್ನಾಟಕಕ್ಕೆ ಚಿನ್ನ ಗೆದ್ದುಕೊಟ್ಟಿದ್ದಾರೆ.

1. ತರಬೇತಿ: ಮೊದಲು ತರಬೇತಿಯ ಸ್ಥಾನ, ನಂತರ ದಿನಾಂಕ, ಕೊನೆಗೆ ಟಿಕೆಟ್ ಎಂಬ ಕ್ರಮವನ್ನು ಅನುಸರಿಸುವುದು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಧೀನದಲ್ಲಿರುವ ಗುಲ್ಮಾರ್ಗ್‌ನ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಹಾಗೂ ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ ಹೊಸಬರಿಗೆ ತರಬೇತಿ ನೀಡುತ್ತವೆ. ಉತ್ತರಾಖಂಡದ ಔಲಿಯೂ ಕಲಿಕೆಗೆ ಯೋಗ್ಯ ಸ್ಥಳವಾಗಿದೆ. ಆದರೆ 2023ರ ಜೋಶಿಮಠದ ಭೂಕುಸಿತದ ನಂತರ ಸ್ಥಗಿತಗೊಂಡ ರೋಪ್‌ವೇಯನ್ನು ನಂಬದೆ ರಸ್ತೆ ಮಾರ್ಗದಲ್ಲಿ ತಲುಪಲು ಯೋಜಿಸುವುದು. ಅರ್ಜಿ ನಮೂನೆ, ವಯೋಮಿತಿ ಮತ್ತು ಶುಲ್ಕವನ್ನು ಸಂಸ್ಥೆಯಿಂದಲೇ ಖಚಿತಪಡಿಸಿಕೊಳ್ಳತಕ್ಕದ್ದು.

2. ಕಾಲ: ಡಿಸೆಂಬರ್ ಅಂತ್ಯದಿಂದ ಮಾರ್ಚ್‌ವರೆಗೆ ಋತುಮಾನವೆನ್ನಲಾದರೂ ಹಿಮವು ಪಂಚಾಂಗ ನೋಡಿ ಬೀಳುವುದಿಲ್ಲ. 2024ರ ಜನವರಿಯ ಮೊದಲ ವಾರಗಳಲ್ಲಿ ಗುಲ್ಮಾರ್ಗ್ ಹಿಮವಿಲ್ಲದೆ ಒಣಗಿತ್ತು. 2025ರ ಫೆಬ್ರವರಿಯ ಕ್ರೀಡಾಕೂಟವನ್ನು ಹಿಮದ ಕೊರತೆಯಿಂದ ಮಾರ್ಚ್‌ಗೆ ಮುಂದೂಡಲಾಯಿತು. ಆದ್ದರಿಂದ ರದ್ದುಪಡಿಸಿದಲ್ಲಿ ಹಣ ಮರಳುವ ಕೊಠಡಿ ಮತ್ತು ಟಿಕೆಟ್‌ಗಳನ್ನೇ ಆಯ್ದುಕೊಳ್ಳುವುದು.

3. ಪ್ರಯಾಣ: ಹುಬ್ಬಳ್ಳಿ ಮೂಲಕ ಸಾಗುವ ಕರ್ನಾಟಕ ಸಂಪರ್ಕ ಕ್ರಾಂತಿ ರೈಲು ಚಂಡೀಗಢ ತಲುಪುತ್ತದೆ, ಅಲ್ಲಿಂದ ಮನಾಲಿಗೆ ರಸ್ತೆ ಮಾರ್ಗವಿದೆ. ಕುಷ್ಟಗಿಯಿಂದ ಹುಬ್ಬಳ್ಳಿಗೆ 2025ರ ಮೇ ತಿಂಗಳಿನಲ್ಲಿ ರೈಲು ಸಂಚಾರ ಆರಂಭವಾಗಿದೆ. ಹಿಮಪಾತದಿಂದ ರಸ್ತೆ ಮುಚ್ಚುವ ಸಂಭವವಿರುವುದರಿಂದ ಎರಡು ದಿನಗಳನ್ನು ಹೆಚ್ಚುವರಿಯಾಗಿ ಇಟ್ಟುಕೊಳ್ಳುವುದು. ಕಾಶ್ಮೀರಕ್ಕೆ ಹೊರಡುವ ಮುನ್ನ ಸರ್ಕಾರದ ಭದ್ರತಾ ಸೂಚನೆಗಳನ್ನು ಗಮನಿಸುವುದು.

4. ವೆಚ್ಚ: ಪ್ರಯಾಣ, ವಸತಿ, ತರಬೇತಿ ಶುಲ್ಕ, ಸಲಕರಣೆ ಬಾಡಿಗೆ, ಉಡುಪು ಮತ್ತು ವಿಮೆ ಎಂಬ ಆರು ಶೀರ್ಷಿಕೆಗಳಡಿ ಅಂದಾಜು ಬರೆದುಕೊಂಡು, ಹತ್ತನೆಯ ಒಂದು ಭಾಗವನ್ನು ತುರ್ತು ನಿಧಿಯಾಗಿ ಸೇರಿಸುವುದು. ಸಾಹಸ ಕ್ರೀಡೆಯ ಗಾಯಕ್ಕೆ ವಿಮೆ ಅನ್ವಯಿಸುವುದೇ ಎಂಬುದನ್ನು ಓದಿ ನೋಡಿಯೇ ಸಹಿ ಮಾಡುವುದು. ಮಧ್ಯವರ್ತಿಗಳಿಗೆ ರಸೀದಿಯಿಲ್ಲದೆ ಮುಂಗಡ ನೀಡಬಾರದು.

5. ದೇಹ ಸಿದ್ಧತೆ: ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಎರಡು ತಿಂಗಳು ಮೊದಲೇ ನಡಿಗೆ ಆರಂಭಿಸುವುದು. ಅಂಜನಾದ್ರಿಯ 575 ಮೆಟ್ಟಿಲುಗಳು ತೊಡೆ, ಮೊಣಕಾಲುಗಳಿಗೆ ಉತ್ತಮ ಅಭ್ಯಾಸ. ಹೃದಯ ಅಥವಾ ಶ್ವಾಸಕೋಶದ ತೊಂದರೆಯುಳ್ಳವರು ವೈದ್ಯರ ಸಲಹೆ ಪಡೆಯತಕ್ಕದ್ದು. ತಲುಪಿದ ಮೊದಲ ದಿನ ವಿಶ್ರಾಂತಿ ಅವಶ್ಯ.

6. ಉಡುಪು: ಹತ್ತಿ ಬಟ್ಟೆ ಒದ್ದೆಯಾದರೆ ಬೇಗ ಒಣಗದೆ ಮೈ ತಣ್ಣಗಾಗಿಸುತ್ತದೆ, ಒಳಗೆ ಉಣ್ಣೆ, ಹೊರಗೆ ನೀರು ತಡೆಯುವ ಉಡುಪು ಧರಿಸುವುದು. ಹಿಮದಿಂದ ಪ್ರತಿಫಲಿಸುವ ಬಿಸಿಲು ಕಣ್ಣಿಗೆ ಹಾನಿಕರವಾದುದರಿಂದ ಕಪ್ಪು ಕನ್ನಡಕ ಕಡ್ಡಾಯ. ಹಲಗೆ, ಬೂಟು, ಕೋಲು ಮತ್ತು ಹೆಲ್ಮೆಟ್‌ಗಳನ್ನು ಖರೀದಿಸದೆ ಬಾಡಿಗೆಗೆ ಪಡೆಯುವುದು.

7. ಇಳಿಜಾರಿನಲ್ಲಿ: ಮೊದಲು ಕಲಿಯಬೇಕಾದುದು ಬೀಳುವುದು, ಏಳುವುದು ಮತ್ತು ನಿಲ್ಲುವುದು. ಹಲಗೆಗಳ ಮುಂತುದಿಗಳನ್ನು ಹತ್ತಿರ ತಂದು ಹಿಂತುದಿಗಳನ್ನು ಅಗಲಿಸಿದರೆ ವೇಗ ತಗ್ಗುತ್ತದೆ. ಇದಕ್ಕೆ ಹಿಮನೇಗಿಲು ಎನ್ನಬಹುದು. ಇದು ಕರಗತವಾಗುವವರೆಗೆ, ಜೊತೆಗಾರರು ಎಷ್ಟೇ ಒತ್ತಾಯಿಸಿದರೂ, ಎತ್ತರದ ಇಳಿಜಾರಿಗೆ ಹೋಗಬಾರದು.

ಪ್ರಥಮ ಪ್ರವಾಸವನ್ನು ಕಲಿಕೆಗೆ ಮೀಸಲಿಟ್ಟವರ ಹಣವೂ ದೇಹವೂ ಸುರಕ್ಷಿತವಾಗಿರುತ್ತವೆ. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.